ನೀರು ಬಚ್ಚಿಟ್ಟ ಗುಟ್ಟು

ಬಂಗಾರಪೇಟೆಯ ಪಾನಿಪುರಿಗೆ ಒಂದು ವಿಶೇಷವಿದೆ. ಬೇರೆ ಊರುಗಳಲ್ಲಿ ಪಾನಿ ಎಂದರೆ ಹಸಿರು, ಇಲ್ಲವೇ ಹುಣಸೆಯ ಕಂದು ಬಣ್ಣ. ಇಲ್ಲಿನದು ತಿಳಿನೀರು. ಲೋಟದಲ್ಲಿ ಹಿಡಿದು ನೋಡಿದರೆ ಕುಡಿಯುವ ನೀರಿಗೂ ಅದಕ್ಕೂ ವ್ಯತ್ಯಾಸವೇ ಕಾಣದು. ಪುರಿ ಬಾಯಿಗೆ ಹೋದ ಮರುಕ್ಷಣ ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ! ಕಣ್ಣಿಗೆ ಸುಳಿವು ಕೊಡದ ಖಾರ ನಾಲಗೆಗೆ ಸಿಕ್ಕಿಬಿದ್ದಿತು.

ದ್ರವದಲ್ಲಿ ಏನಿದೆ ಎಂಬುದನ್ನು ನೋಡಿ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ರುಚಿಯಾದ ಉದಾಹರಣೆ ಬೇಕೆ? ಆದರೆ ಎಲ್ಲ ದ್ರವಗಳನ್ನೂ ನಾಲಗೆಗೆ ಹಚ್ಚಿ ನೋಡುವಂತಿಲ್ಲ. ರಕ್ತ, ಮೂತ್ರ, ಔಷಧದ ದ್ರಾವಣ ಇವೆಲ್ಲ ಹೋಗಲಿ, ಮನೆಮನೆಗೆ ಬರುವ ಹಾಲಿನಲ್ಲಿ ಕೊಬ್ಬು ಎಷ್ಟು, ಪ್ರೋಟೀನ್ ಎಷ್ಟು, ಸೇರಿಸಿದ ನೀರು ಎಷ್ಟು ಎಂದು ಕುಡಿದು ಹೇಳುವ ನಾಲಗೆ ಯಾರಿಗಿದೆ? ಈ ಕೆಲಸಕ್ಕೆ ವಿಜ್ಞಾನಿಗಳು ಅಲೆಗಳನ್ನು ನಿಯಮಿಸಿದ್ದಾರೆ. ಶಬ್ದದ ಅಲೆ, ಶಾಖದ ಅಲೆ, ಈಚಿನ ದಶಕಗಳಲ್ಲಿ ಟೆರಾಹರ್ಟ್ಸ್ ಎಂಬ ಹೊಸ ಬಗೆಯ ಅಲೆ. ಆ ಹೊಸ ಅಲೆಗೆ ಎದುರಾಗಿರುವ ದೊಡ್ಡ ಅಡ್ಡಿ ಯಾವುದೋ ಅಪರೂಪದ ರಾಸಾಯನಿಕವಲ್ಲ. ಬರೀ ನೀರು!

ಡೇರಿಯ ಮೇಜಿನ ಮೇಲೆ

ಕೋಲಾರ ಜಿಲ್ಲೆಗೆ ಹಾಲು, ರೇಷ್ಮೆ, ಚಿನ್ನದ ನಾಡು ಎಂಬ ಹೆಸರು. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಹಾಲು ನಿಂತಿಲ್ಲ. ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ಬೆಳಗಿನ ಜಾವವೇ ಕ್ಯಾನು, ಚೊಂಬು ಹಿಡಿದವರು ಹಾಲು ಉತ್ಪಾದಕರ ಸಂಘದ ಮುಂದೆ ಸಾಲು ನಿಲ್ಲುತ್ತಾರೆ. ಅಲ್ಲಿ ಲೀಟರಿನ ಲೆಕ್ಕ ಅರ್ಧ ಲೆಕ್ಕ ಮಾತ್ರ. ಉಳಿದರ್ಧ ‘ಫ್ಯಾಟ್ ಎಷ್ಟು ಬಂತು, ಡಿಗ್ರಿ ಎಷ್ಟು ಬಂತು’ ಎಂಬುದು. ಫ್ಯಾಟ್ ಎಂದರೆ ಕೊಬ್ಬು. ಕೊಬ್ಬು ಬಿಟ್ಟು ಉಳಿದ ಘನಪದಾರ್ಥಗಳಾದ ಪ್ರೋಟೀನ್, ಹಾಲಿನ ಸಕ್ಕರೆ, ಲವಣಗಳಿಗೆ ಒಟ್ಟಾಗಿ ಎಸ್‌ಎನ್‌ಎಫ್ ಎಂದು ಹೆಸರು. ಇವೆರಡರ ಮೇಲೆ ದರ ನಿಲ್ಲುತ್ತದೆ. ಒಂದು ಅಂಕಿ ಹಿಂದೆಮುಂದೆ ಆದರೆ ಎರಡು ಹಸು ಕಟ್ಟಿಕೊಂಡು ಮಕ್ಕಳ ಶಾಲೆ ಫೀಜು ಕಟ್ಟುವ ಮನೆಯ ತಿಂಗಳ ಲೆಕ್ಕವೇ ಏರುಪೇರು.

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಕೊಬ್ಬು, ಪ್ರೋಟೀನ್, ಸಕ್ಕರೆ ಎಲ್ಲವೂ ಸೇರಿ ಉಳಿದ 13 ಪಾಲಿನಲ್ಲಿ ಅಡಗಿವೆ. ಇದನ್ನು ಅಳೆಯುವ ಹಳೆಯ ಸಾಧನ ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆ. ಹಾಲು ನೀರಿಗಿಂತ ತುಸು ಭಾರ. ನೀರು ಬೆರೆಸಿದರೆ ಹಾಲು ಹಗುರಾಗಿ ಬುರುಡೆ ಹೆಚ್ಚು ಮುಳುಗುತ್ತದೆ. ಸರಳ ಉಪಾಯ. ಆದರೆ ಅದನ್ನು ಯಾಮಾರಿಸುವುದೂ ಅಷ್ಟೇ ಸರಳ. ಕೊಬ್ಬು ನೀರಿಗಿಂತ ಹಗುರ. ಕೆನೆ ತೆಗೆದರೆ ಹಾಲು ಭಾರವಾಗುತ್ತದೆ, ನೀರು ಹಾಕಿದರೆ ಹಗುರಾಗುತ್ತದೆ. ಎರಡನ್ನೂ ಹದವಾಗಿ ಮಾಡಿದರೆ ಬುರುಡೆ ಏನೂ ಅರಿಯದಂತೆ ತನ್ನ ಹಳೆಯ ಗುರುತಿನಲ್ಲೇ ನಿಲ್ಲುತ್ತದೆ! ಬುರುಡೆಯ ತಪ್ಪೇನಿಲ್ಲ. ಅದನ್ನು ಕೇಳಿದ್ದು ಭಾರ ಎಷ್ಟು ಎಂದೇ ಹೊರತು ಒಳಗೆ ಏನಿದೆ ಎಂದಲ್ಲ.

ಕೊಬ್ಬನ್ನು ನೇರವಾಗಿ ಅಳೆಯುವ ವಿಧಾನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಗರ್ಬರ್ ಎಂಬ ರಸಾಯನ ವಿಜ್ಞಾನಿ ಕೊಟ್ಟ. ಗಂಧಕಾಮ್ಲ ಸುರಿದು, ಪ್ರೋಟೀನ್ ಕರಗಿಸಿ, ಗಿರಗಿರನೆ ತಿರುಗಿಸಿದರೆ ಕೊಬ್ಬು ಬೇರ್ಪಟ್ಟು ಗೆರೆ ಹಾಕಿದ ಕೊಳವೆಯಲ್ಲಿ ನಿಲ್ಲುತ್ತದೆ. ನಂಬಿಕಸ್ತ ವಿಧಾನವೇ, ಆದರೆ ಆಮ್ಲ ಕೈಮೇಲೆ ಬಿದ್ದರೆ ಸುಟ್ಟೀತು, ಸಾಲಿನಲ್ಲಿ ನಿಂತವರಿಗೆ ಕಾಯುವ ವ್ಯವಧಾನವೂ ಇರದು.

ಈಗ ಹಳ್ಳಿಯ ಅನೇಕ ಸಂಘಗಳಲ್ಲಿ ಕಾಣುವ ಪುಟ್ಟ ಪೆಟ್ಟಿಗೆ ಯಂತ್ರಗಳು ಕೆಲಸ ಮಾಡುವುದು ಶ್ರವಣಾತೀತ ಶಬ್ದದಿಂದ. ಆಸ್ಪತ್ರೆಯ ಸ್ಕ್ಯಾನಿಂಗ್‌ನಲ್ಲಿ ಬಳಸುವುದೂ ಇದೇ ಜಾತಿಯ ಅಲೆ. ಇದರ ಹಿಂದಿನ ಜಾಣ್ಮೆ ಗಮನಿಸುವಂಥದು. ನೀರನ್ನು ಬಿಸಿ ಮಾಡುತ್ತಾ ಹೋದಂತೆ (ಸುಮಾರು 74 ಡಿಗ್ರಿಯವರೆಗೆ) ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಕೊಬ್ಬಿನಲ್ಲಿ ಇದಕ್ಕೆ ತದ್ವಿರುದ್ಧ, ಬಿಸಿ ಏರಿದಂತೆ ವೇಗ ಇಳಿಯುತ್ತದೆ. ಹಾಗಾಗಿ ಒಂದೇ ಹಾಲನ್ನು ಎರಡು ಬೇರೆ ಬೇರೆ ಉಷ್ಣತೆಯಲ್ಲಿ ಅಳೆದರೆ ಎರಡು ಉತ್ತರ ಸಿಗುತ್ತವೆ. ಆ ಎರಡು ಸಮೀಕರಣಗಳನ್ನು ಬಿಡಿಸಿದರೆ ಕೊಬ್ಬು ಎಷ್ಟು, ಇತರ ಘನಪದಾರ್ಥ ಎಷ್ಟು ಎಂದು ಯಂತ್ರ ಹೇಳುತ್ತದೆ. ಶಾಲೆಯ ಬೀಜಗಣಿತ ಡೇರಿಯ ಮೇಜಿನ ಮೇಲೆ ದಿನಕ್ಕೆರಡು ಬಾರಿ ಉಪಯೋಗಕ್ಕೆ ಬರುತ್ತಿದೆ ಎಂದಾಯಿತು.

ಮೋಸ ಹೋದ ಯಂತ್ರ

ಆದರೂ ಇದು ಹಾಲಿನ ಒಟ್ಟಾರೆ ಗುಣವನ್ನು ಅಳೆಯುವ ವಿಧಾನವೇ. ಅಣುವಿನ ಗುರುತು ಹಿಡಿಯುವ ವಿಧಾನವಲ್ಲ. ಇವೆರಡರ ನಡುವಣ ಅಂತರ ಎಷ್ಟು ದುಬಾರಿ ಎಂಬುದನ್ನು 2008ರಲ್ಲಿ ಚೀನಾ ಕಂಡಿತು. ಅಲ್ಲಿ ಪ್ರೋಟೀನನ್ನು ಅಳೆಯಲು ಅದರಲ್ಲಿರುವ ಸಾರಜನಕವನ್ನು ಲೆಕ್ಕ ಹಾಕುತ್ತಿದ್ದರು. ನೀರು ಬೆರೆಸಿದ ಹಾಲಿಗೆ ಕೆಲವರು ಮೆಲಮಿನ್ ಎಂಬ ಸಾರಜನಕ ತುಂಬಿದ ಕಾರ್ಖಾನೆ ರಾಸಾಯನಿಕ ಸೇರಿಸಿದರು. ಪರೀಕ್ಷೆಯಲ್ಲಿ ‘ಪ್ರೋಟೀನ್’ ಸರಿಯಾಗಿಯೇ ಬಂತು. ಆ ಹಾಲಿನ ಪುಡಿ ಕುಡಿದ ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಹಸುಳೆಗಳು ಸತ್ತವು.

ಅಣುವಿನ ಗುರುತನ್ನೇ ಹಿಡಿಯುವ ಅಲೆ ಬೇಕು ಎಂದು ವಿಜ್ಞಾನಿಗಳು ಹೇಳುವುದು ಈ ಕಾರಣಕ್ಕೆ. ಆ ಅಲೆ ಯಾವುದೆಂದು ತಿಳಿಯಲು ಬಂಗಾರಪೇಟೆಯಿಂದ ಕೆಜಿಎಫ್ ಕಡೆ ಹೊರಳಬೇಕು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಚಿನ್ನದ ಗಣಿಗೆ ವಿದ್ಯುತ್ ಬಂತು. ಆ ವಿದ್ಯುತ್ತು ಸೆಕೆಂಡಿಗೆ 25 ಸಾರಿ ಹಿಂದೆಮುಂದೆ ತೂಗುತ್ತಿತ್ತು. ಇಂದು ಮನೆಗೆ ಬರುವುದು 50 ಸಾರಿ ತೂಗುತ್ತದೆ. ರೇಡಿಯೊ ಅಲೆಗಳು ಲಕ್ಷ, ಕೋಟಿ ಸಾರಿ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಮಿಲಿಮೀಟರ್ ಅಳತೆಯ ಅಲೆಗಳಿಂದ ದೂರದ ಗಂಟೆ ಬಾರಿಸಿ ತೋರಿಸಿದರು. ಅವರು ಮುಂದೆ ಪಳಗಿಸಿದ ಅತಿ ಚಿಕ್ಕ ಅಲೆಗಳು ಸೆಕೆಂಡಿಗೆ ಸುಮಾರು ಆರು ಸಾವಿರ ಕೋಟಿ ಸಾರಿ ತೂಗುವಂಥವು. ಅಲ್ಲಿಂದ ಇನ್ನೂ ಮೇಲೆ ಹತ್ತಿದರೆ ಸೆಕೆಂಡಿಗೆ ಲಕ್ಷ ಕೋಟಿ ಸಾರಿ ತೂಗುವ ಅಲೆ ಸಿಗುತ್ತದೆ. ಒಂದರ ಮುಂದೆ ಹನ್ನೆರಡು ಸೊನ್ನೆ! ಅದೇ ಒಂದು ಟೆರಾಹರ್ಟ್ಸ್. ಅಲೆಯ ಉದ್ದ ಮಿಲಿಮೀಟರಿನ ಮೂರು ದಶಾಂಶ. ಅದಕ್ಕೂ ಮೇಲಿನದು ಶಾಖದ ಅವಗೆಂಪು ಕಿರಣ, ಆಮೇಲೆ ಕಣ್ಣಿಗೆ ಕಾಣುವ ಬೆಳಕು.

ಈ ನಡುವಿನ ಪಟ್ಟಿ ಬಹುಕಾಲ ಪಾಳು ಬಿದ್ದಿತ್ತು. ಕೆಳಗಿನಿಂದ ರೇಡಿಯೊ ತಂತ್ರಜ್ಞರು, ಮೇಲಿನಿಂದ ಬೆಳಕಿನ ತಂತ್ರಜ್ಞರು ಎರಡೂ ಬದಿಯಿಂದ ಸುರಂಗ ಕೊರೆಯುತ್ತ ಬಂದರೂ ಮಧ್ಯದ ಬಂಡೆ ಒಡೆಯಲಿಲ್ಲ. 1980ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡೇವಿಡ್ ಆಸ್ಟನ್ ಮೊದಲಾದವರು ಅತಿ ಕ್ಷಣಿಕ ಲೇಸರ್ ಮಿಣುಕುಗಳನ್ನು ಅರೆವಾಹಕದ ಮೇಲೆ ಹಾಯಿಸಿ ಈ ಅಲೆಗಳನ್ನು ಹುಟ್ಟಿಸುವ, ಹಿಡಿಯುವ ದಾರಿ ತೋರಿಸಿದರು. 1995ರಲ್ಲಿ ಅದೇ ಪ್ರಯೋಗಾಲಯದಲ್ಲಿ ಟೆರಾಹರ್ಟ್ಸ್ ಅಲೆಯಿಂದ ಒಂದು ಎಲೆಯ ಚಿತ್ರ ತೆಗೆದರು. ಎಲೆಯಲ್ಲಿ ಎಲ್ಲಿ ನೀರಿದೆ, ಎಲ್ಲಿ ಒಣಗಿದೆ ಎಂಬುದು ಅಚ್ಚೊತ್ತಿದಂತೆ ಬಂತು.

ಕರಗಿದ ಸಕ್ಕರೆ, ಕಾಣೆಯಾದ ಸಹಿ

ಟೆರಾಹರ್ಟ್ಸ್ ಅಲೆಯ ಬಗ್ಗೆ ಇಷ್ಟು ಆಸೆ ಏಕೆಂದರೆ ದೊಡ್ಡ ಅಣುಗಳು ಇಡಿಯಾಗಿ ತೂಗಾಡುವ, ತಿರುಚಿಕೊಳ್ಳುವ ಲಯ ಇದೇ ಪಟ್ಟಿಯಲ್ಲಿ ಬರುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೋರಾಗಿ ತೂಗುತ್ತದಲ್ಲವೇ? ಹಾಗೆಯೇ ತನ್ನ ಲಯಕ್ಕೆ ಹೊಂದುವ ಅಲೆಯನ್ನು ಅಣು ಹೀರಿಕೊಳ್ಳುತ್ತದೆ. ಆಚೆ ಬಂದ ಅಲೆಯಲ್ಲಿ ಯಾವ ಲಯ ಕಡಿಮೆಯಾಗಿದೆ ಎಂದು ನೋಡಿದರೆ ಅದೇ ಆ ವಸ್ತುವಿನ ಸಹಿ.

ಇಲ್ಲಿ ಹಾಲಿನ ನಾಡಿನವರು ಹೆಮ್ಮೆ ಪಡುವ ಸಂಗತಿಯೊಂದಿದೆ. ಜಗತ್ತಿನ ಟೆರಾಹರ್ಟ್ಸ್ ಪ್ರಯೋಗಾಲಯಗಳಲ್ಲಿ ಯಂತ್ರ ಸರಿಯಾಗಿದೆಯೇ ಎಂದು ನೋಡಲು ಸಾಮಾನ್ಯವಾಗಿ ಬಳಸುವ ವಸ್ತುಗಳಲ್ಲಿ ಒಂದು ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ! ಅದರ ಪುಡಿಯನ್ನು ಬಿಲ್ಲೆ ಮಾಡಿ ಇಟ್ಟರೆ 0.53 ಟೆರಾಹರ್ಟ್ಸ್‌ನಲ್ಲಿ ಚೂಪಾದ ಗುರುತು ಮೂಡುತ್ತದೆ. ಮೆಲಮಿನ್ ಪುಡಿಗೆ ಬೇರೆಯೇ ಗುರುತು, ಸುಮಾರು 2 ಟೆರಾಹರ್ಟ್ಸ್ ಬಳಿ. ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ.

ಹಾಗಾದರೆ ಹಾಲಿನ ಲೋಟಕ್ಕೆ ಈ ಅಲೆ ಹಾಯಿಸಿ ಎಲ್ಲವನ್ನೂ ಓದಿಬಿಡಬಹುದಲ್ಲ? ಬಿಲ್ಲೆಯನ್ನು ನೀರಿಗೆ ಹಾಕಿ ಕರಗಿಸಿ ನೋಡಿ. ಆ ಚೂಪಾದ ಗುರುತು ಮಾಯ! ಕಾರಣ ಎರಡು. ಆ ಸಹಿ ಒಂಟಿ ಅಣುವಿನದಲ್ಲ, ಹರಳಿನಲ್ಲಿ ಸಾಲುಸಾಲಾಗಿ ಕೈ ಹಿಡಿದು ನಿಂತ ಅಣುಗಳ ಒಟ್ಟು ಕುಣಿತದ್ದು. ಕರಗಿದಾಗ ಕೈ ಬಿಟ್ಟಿತು, ಕುಣಿತ ನಿಂತಿತು. ಎರಡನೆಯದು ನೀರಿನ ಹಸಿವು. ನೀರಿನ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಿಂದ ಹೆಣೆದುಕೊಂಡು, ಲಕ್ಷ ಕೋಟಿಯಲ್ಲೊಂದು ಸೆಕೆಂಡಿನ ಲೆಕ್ಕದಲ್ಲಿ ಬಿಡುತ್ತ ಹಿಡಿಯುತ್ತ ಇರುತ್ತವೆ. ಇದೂ ಟೆರಾಹರ್ಟ್ಸ್ ಲಯವೇ. ಹಾಗಾಗಿ ನೀರು ಈ ಅಲೆಯನ್ನು ಗಬಗಬನೆ ನುಂಗುತ್ತದೆ. ಒಂದು ಟೆರಾಹರ್ಟ್ಸ್ ಅಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ದಪ್ಪದ ನೀರಿನ ಪೊರೆ ದಾಟುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಳ್ಳುತ್ತದೆ. ಒಂದು ಮಿಲಿಮೀಟರ್ ದಾಟಬೇಕಾದರೆ ಉಳಿಯುವುದು ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ಲೋಟದ ಹಾಲಿನ ಮಾತು ಬಿಡಿ, ಒಂದು ಹನಿಯೇ ಅದಕ್ಕೆ ಬೆಟ್ಟ.

ಈ ಅಲೆ ಕ್ಷ-ಕಿರಣದಂತೆ ಅಪಾಯಕಾರಿಯೇ ಎಂದು ಹೆದರುವ ತಂದೆತಾಯಿಗಳಿಗೆ ಸಮಾಧಾನದ ಉತ್ತರವೂ ಇದರಲ್ಲೇ ಇದೆ. ಇದರ ಒಂದು ಕಣದ ಶಕ್ತಿ ತೀರಾ ಅಲ್ಪ, ಅಣುಗಳನ್ನು ಒಡೆಯುವಷ್ಟಿಲ್ಲ. ಬಟ್ಟೆ, ಕಾಗದ, ಪ್ಲಾಸ್ಟಿಕ್ ದಾಟುವ ಈ ಅಲೆ ಚರ್ಮದ ತೇವ ಸಿಕ್ಕೊಡನೆ ಅಲ್ಲೇ ನಿಲ್ಲುತ್ತದೆ.

ಗಣಿಯ ಆಳದ ಪಾಠ

ಗದ್ದಲದ ನಡುವೆ ಪಿಸುಮಾತು ಕೇಳುವುದು ಹೇಗೆ? ಈ ಸಮಸ್ಯೆ ಕೆಜಿಎಫ್‌ಗೆ ಹೊಸದಲ್ಲ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಹೋದರೆ ಸಿಗುವ ಆ ಗಣಿಗಳಲ್ಲಿ ಚಿನ್ನಕ್ಕಿಂತಲೂ ಅಪರೂಪದ್ದೊಂದನ್ನು ಹುಡುಕಿದವರಿದ್ದರು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಬಂದು ಗಣಿಯ ಬೇರೆ ಬೇರೆ ಆಳಗಳಲ್ಲಿ ವಿಶ್ವಕಿರಣಗಳನ್ನು ಎಣಿಸಿದರು. ನೆಲದ ಮೇಲೆ ನಮ್ಮ ಅಂಗೈಯನ್ನು ಪ್ರತಿ ನಿಮಿಷ ಹತ್ತಾರು ಮ್ಯೂಯಾನ್ ಕಣಗಳು ತೂರಿ ಹೋಗುತ್ತಿರುತ್ತವೆ. ಆ ಮಳೆಯಲ್ಲಿ ನ್ಯೂಟ್ರಿನೋ ಎಂಬ ಅತಿ ಸಂಕೋಚದ ಕಣದ ಸುಳಿವು ಸಿಗುವುದುಂಟೆ? ಆದ್ದರಿಂದ ಮಳೆಗೆ ಬಂಡೆಯನ್ನೇ ಕೊಡೆ ಹಿಡಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿ, ಟಾಟಾ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಸಿಕ್ಕಿತು.

ಗಣಿಯಲ್ಲಿ ಗದ್ದಲವನ್ನು ಹೊರಗಿಡಲು ಬಂಡೆ ಇತ್ತು. ಹಾಲಿನಲ್ಲಿ, ರಕ್ತದಲ್ಲಿ ನೀರನ್ನು ಹೊರಗಿಡುವುದು ಹೇಗೆ? ಒಣಗಿಸಬಹುದು. ಎಷ್ಟೋ ಪ್ರಯೋಗಗಳಲ್ಲಿ ಹಾಗೆಯೇ ಮಾಡಿದ್ದಾರೆ. ಆದರೆ ಒಣಗಿದ ಪ್ರೋಟೀನ್ ಜೀವಂತ ಪ್ರೋಟೀನಿನಂತೆ ವರ್ತಿಸದು. ನೀರಿದ್ದರಷ್ಟೇ ಅದು ಸರಿಯಾಗಿ ಮಡಿಚಿಕೊಂಡು ಕೆಲಸ ಮಾಡುತ್ತದೆ. ಹೆಪ್ಪುಗಟ್ಟಿಸಬಹುದು, ಮಂಜುಗಡ್ಡೆ ಈ ಅಲೆಯನ್ನು ನೀರಿನಷ್ಟು ನುಂಗುವುದಿಲ್ಲ. ಅಲ್ಲಿಯೂ ಅದೇ ತಕರಾರು.

ಉಳಿದ ದಾರಿಗಳು ಹೆಚ್ಚು ಜಾಣತನದವು. ಒಂದು, ದ್ರವವನ್ನು ತಲೆಗೂದಲಿಗಿಂತ ತೆಳುವಾದ ಪೊರೆ ಮಾಡಿ ಹರಿಸುವುದು. ದೊಡ್ಡ ಡೇರಿಗಳ ಪ್ರಯೋಗಾಲಯಗಳಲ್ಲಿ ಹಾಲಿನ ಕೊಬ್ಬು, ಪ್ರೋಟೀನ್, ಸಕ್ಕರೆಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಅವಗೆಂಪು ಕಿರಣದ ಯಂತ್ರಗಳು 1960ರ ದಶಕದಿಂದ ಇದನ್ನೇ ಮಾಡುತ್ತಿವೆ. ಅವುಗಳೊಳಗೆ ಹಾಲು ಹಾಯುವ ಸಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟೇ. ಮತ್ತೊಂದು, ಅಲೆಯನ್ನು ದ್ರವದೊಳಕ್ಕೆ ಕಳಿಸುವ ಗೋಜಿಗೇ ಹೋಗದೆ ಪಟ್ಟಕದ ಒಳಮೈಯಿಂದ ಪ್ರತಿಫಲಿಸುವಂತೆ ಮಾಡುವುದು. ಹಾಗೆ ತಿರುಗುವಾಗ ಅಲೆಯ ಅಂಚು ಮೇಲಿರುವ ದ್ರವವನ್ನು ತುಸು ಸವರಿ ಬರುತ್ತದೆ. ಸವರಿದಷ್ಟೇ ಸಾಕು, ಸುದ್ದಿ ತರುತ್ತದೆ. ಮೂರನೆಯದು ಸೂಕ್ಷ್ಮ ಲೋಹದ ಬಳೆಗಳನ್ನು ಸಾಲಾಗಿ ಮುದ್ರಿಸಿದ ಚಿಪ್ಪು. ಬಳೆಯಲ್ಲಿ ಒಂದು ಸಣ್ಣ ಬಿರುಕು. ಅಲೆ ಬಿದ್ದಾಗ ಅದು ಶ್ರುತಿ ಮಾಡಿದ ತಂತಿಯಂತೆ ಮಿಡಿಯುತ್ತದೆ. ಬಿರುಕಿನ ಬಳಿ ಪ್ರೋಟೀನೋ ಸೂಕ್ಷ್ಮಜೀವಿಯೋ ಬಂದು ಕುಳಿತರೆ ಶ್ರುತಿ ಕೊಂಚ ಇಳಿಯುತ್ತದೆ.

ಇಷ್ಟಾದರೂ ಎಲ್ಲಕ್ಕಿಂತ ಸೊಗಸಾದ ಉಪಾಯ ಶತ್ರುವನ್ನೇ ಸಾಕ್ಷಿ ಮಾಡಿಕೊಂಡದ್ದು. ಪ್ರೋಟೀನಿನ ಸುತ್ತ ನಿಂತ ನೀರು ಬರಿಯ ನೀರಿನಂತೆ ಇರುವುದಿಲ್ಲ. ಅದರ ಹೆಣಿಗೆ, ಲಯ ತುಸು ಬದಲಾಗುತ್ತದೆ. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ಮಾರ್ಟಿನಾ ಹಾವೆನಿತ್ ಅವರ ತಂಡ 2007ರಲ್ಲಿ ಟೆರಾಹರ್ಟ್ಸ್ ಅಲೆಯಿಂದ ಅಳೆದಾಗ, ಪ್ರೋಟೀನಿನ ಪ್ರಭಾವ ಅದಕ್ಕೆ ಅಂಟಿದ ಮೊದಲ ಸುತ್ತಿನ ನೀರಿಗಷ್ಟೇ ಅಲ್ಲ, ಇನ್ನೂ ಆಚೆಯವರೆಗೆ ಹಬ್ಬಿರುವುದು ಕಂಡಿತು. ಊರಿಗೆ ಹಿರಿಯರು ಬಂದರೆ ಅವರನ್ನು ನೋಡಬೇಕಾಗಿಲ್ಲ, ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತ ರೀತಿಯಲ್ಲೇ ತಿಳಿಯುತ್ತದೆ. ಹಾಗೆ!

ಬೆಂಗಳೂರಿನ ಇನ್ನೊಂದು ದಾರಿ

ನೀರಿನ ಕಾಟವೇ ಇಲ್ಲದ ದಾರಿಯೊಂದು ಬಹು ಹಿಂದೆಯೇ ನಮ್ಮವರಿಗೆ ಸಿಕ್ಕಿತ್ತು ಎಂಬುದನ್ನು ಮರೆಯುವಂತಿಲ್ಲ. ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿ ಹತ್ತಾರು ಶುದ್ಧ ದ್ರವಗಳಿಗೆ ಬೆಳಕು ಹಾಯಿಸಿ, 1928ರ ಫೆಬ್ರವರಿ 28ರಂದು ತಮ್ಮ ಪರಿಣಾಮವನ್ನು ಕಂಡರು. ಗಣಿ ಮುಚ್ಚಿದ್ದೂ ಅದೇ ತಾರೀಕು, ಎಪ್ಪತ್ತಮೂರು ವರ್ಷಗಳ ಬಳಿಕ. ಅದರ ಬಗ್ಗೆ ಅವರು ಉಪನ್ಯಾಸ ಕೊಟ್ಟದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಕಣ ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆಯೇ ಅಣುವಿನ ಸಹಿ. ನೀರಿನ ರಾಮನ್ ಸಹಿ ತೀರಾ ಕ್ಷೀಣ, ಆದ್ದರಿಂದ ನೀರಿನಲ್ಲಿ ಕರಗಿದ ವಸ್ತುವಿನದು ಎದ್ದು ಕಾಣುತ್ತದೆ. ಕೋಟಿಗೊಂದು ಎಂಬುದೇ ಇದರ ತೊಡಕು. ಹಾಲಿನಂಥ ದ್ರವದಲ್ಲಿ ಬೇರೆ ಮಿನುಗು ಬೆಳಕು ಅದನ್ನು ಮುಚ್ಚಿಹಾಕುವುದೂ ಉಂಟು. ಯಾವ ಅಲೆಯೂ ಎಲ್ಲ ಕೆಲಸಕ್ಕೂ ಅಲ್ಲ. ಕೋಲಾರದ ಕೊಳವೆಬಾವಿಗಳ ಫ್ಲೋರೈಡ್ ಅಳೆಯಲು ಟೆರಾಹರ್ಟ್ಸ್ ತರುವುದು ನೊಣಕ್ಕೆ ಕೊಡಲಿ ಎತ್ತಿದಂತೆ. ಅದಕ್ಕೆ ಬಣ್ಣ ಬದಲಿಸುವ ಅಗ್ಗದ ರಾಸಾಯನಿಕವೇ ಸಾಕು.

ಟೆರಾಹರ್ಟ್ಸ್ ಯಂತ್ರ ಇಂದಿಗೂ ಪ್ರಯೋಗಾಲಯದ ಸ್ವತ್ತು. ಹಳ್ಳಿಯ ಸಂಘ ಕೊಳ್ಳುವ ಬೆಲೆಯದಲ್ಲ. ನೀರಿನ ಉಷ್ಣತೆ ಒಂದೆರಡು ಡಿಗ್ರಿ ವ್ಯತ್ಯಾಸವಾದರೂ ಅದು ಅಲೆ ನುಂಗುವ ಪ್ರಮಾಣ ಬದಲಾಗಿ, ಇಲ್ಲದ ವಸ್ತು ಇದ್ದಂತೆ ತೋರಬಹುದು. ಹಾಗಾಗಿ ‘ಒಂದು ಹನಿಯಲ್ಲಿ ಎಲ್ಲ ರೋಗ ಪತ್ತೆ’ ಎಂಬಂಥ ಸುದ್ದಿ ಓದಿದಾಗ ಮಾದರಿ ಒಣಗಿತ್ತೋ ಹಸಿಯಾಗಿತ್ತೋ, ನೀರಿನ ಪೊರೆ ಎಷ್ಟು ದಪ್ಪವಿತ್ತು, ಉಷ್ಣತೆ ಕಾಪಾಡಿದ್ದರೋ ಎಂದು ಕೇಳುವ ಹಕ್ಕು ಪಿಯುಸಿ ವಿದ್ಯಾರ್ಥಿಗೂ ಇದೆ. ಭೌತಶಾಸ್ತ್ರದ ತರಂಗಗಳ ಪಾಠ, ರಸಾಯನಶಾಸ್ತ್ರದ ಹೈಡ್ರೋಜನ್ ಬಂಧದ ಪಾಠ ಬೇರೆ ಬೇರೆ ಮೇಷ್ಟರು ಮಾಡಿದರೂ ಒಂದು ಹನಿ ಹಾಲಿನಲ್ಲಿ ಅವು ಒಂದೇ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆಯಿದೆ. ಪ್ಲಾಸ್ಟಿಕ್ ಸ್ಟ್ರಾ ಒಂದರ ತುದಿಯನ್ನು ನಾಲ್ಕು ಸಣ್ಣ ಮೊಳೆ ಹಾಕಿ ಮೇಣದಿಂದ ಮುಚ್ಚಿ. ಎತ್ತರದ ಲೋಟದ ತಣ್ಣನೆಯ ಹಾಲಿನಲ್ಲಿ ಅದು ನೆಟ್ಟಗೆ ತೇಲುವಾಗ ಮಟ್ಟಕ್ಕೆ ಒಂದು ಗೆರೆ ಎಳೆಯಿರಿ. ಈಗ ಹಾಲಿಗೆ ನೀರು ಬೆರೆಸಿ, ಗೆರೆ ಮುಳುಗುತ್ತದೆ. ಅದೇ ಹಾಲಿಗೆ ಚಿಟಿಕೆ ಚಿಟಿಕೆಯಾಗಿ ಸಕ್ಕರೆ ಕಲಕುತ್ತ ಹೋಗಿ, ಗೆರೆ ಮೇಲೆದ್ದು ಮೊದಲಿನ ಜಾಗಕ್ಕೆ ಬಂದು ನಿಲ್ಲುತ್ತದೆ. ಸ್ಟ್ರಾದ ಪ್ರಕಾರ ಇದು ಅಪ್ಪಟ ಹಾಲು. ಆಮೇಲೆ ಅಮ್ಮನಿಗೆ ಒಂದು ಚಮಚ ಕುಡಿಸಿ, ಏನನ್ನುತ್ತಾರೆ ಕೇಳಿ.